ಯಾವಾಗ ನಿಲ್ಲಬೇಕು? — ಹಲವರು ಕೂಡಿ ಆಡುವ ನಿಲುಗಡೆಯ ಆಟಗಳು

‘ಗಾಳಿ ಬಂದಾಗ ತೂರಿಕೋ’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ‘ತಾಳಿದವನು ಬಾಳಿಯಾನು’ ಎಂದೂ ಅವರೇ ಹೇಳಿದ್ದಾರೆ. ಮೊದಲನೆಯದು, ಕೈಗೆ ಬಂದ ಅವಕಾಶವನ್ನು ಒಡನೆಯೇ ಹಿಡಿಯಬೇಕೆನ್ನುತ್ತದೆ. ಎರಡನೆಯದು, ಕಾದು ನೋಡಬೇಕೆನ್ನುತ್ತದೆ. ಎರಡೂ ಅನುಭವದಿಂದ ಹುಟ್ಟಿದ ಮಾತುಗಳೇ. ಆದರೆ ಯಾವ ಸಂದರ್ಭಕ್ಕೆ ಯಾವುದು ಸಲ್ಲುತ್ತದೆ ಎಂಬ ಪ್ರಶ್ನೆಗೆ ಗಾದೆಗಳಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ಲೆಕ್ಕದಿಂದ ಹುಡುಕುವ ಗಣಿತಶಾಖೆಯೊಂದುಂಟು. ಅದನ್ನು ಅತ್ಯುಚಿತ ನಿಲುಗಡೆಯ ಸಿದ್ಧಾಂತವೆನ್ನಬಹುದು.

ಈ ಪ್ರಶ್ನೆಯನ್ನು ಕಣ್ಣಾರೆ ಕಾಣಬೇಕಾದರೆ, ಮುಂಗಾರಿನ ಬೆಳೆ ಕಟಾವಾದ ಮೇಲೆ, ಅಕ್ಟೋಬರ್ ಅಥವಾ ನವೆಂಬರ್ ತಿಂಗಳಲ್ಲಿ, ದಾವಣಗೆರೆಯ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣಕ್ಕೆ ಹೋಗಬೇಕು. ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ಈ ಊರು ಈಗ ಮೆಕ್ಕೆಜೋಳದ ದೊಡ್ಡ ಪೇಟೆ. ಸುಮಾರು 14 ಕಿಲೋಮೀಟರ್ ದೂರದಲ್ಲಿ, ತುಂಗಭದ್ರೆಯ ದಡದಲ್ಲಿರುವ ಹರಿಹರದಲ್ಲಿಯೂ ಇಂಥದೇ ಪೇಟೆಯುಂಟು. ಪ್ರಾಂಗಣದಲ್ಲಿ ರಾಶಿ ಹಾಕಿ ನಿಂತ ರೈತನ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ‘ಇಂದಿನ ಬೆಲೆಗೆ ಕೊಟ್ಟುಬಿಡಲೇ, ನಾಳೆಗೆ ಕಾಯಲೇ?’ ಈ ಪ್ರಶ್ನೆಯನ್ನು ಅವನೊಬ್ಬನೇ ಕೇಳಿಕೊಳ್ಳುತ್ತಿಲ್ಲ. ಪಕ್ಕದ ರಾಶಿಯವನೂ ಅದನ್ನೇ ಕೇಳಿಕೊಳ್ಳುತ್ತಿದ್ದಾನೆ. ಕೊಳ್ಳಲು ಬಂದ ವರ್ತಕನೂ ‘ಇಂದೇ ಕೊಳ್ಳಲೇ, ನಾಳೆ ಕೊಳ್ಳಲೇ?’ ಎಂದು ಯೋಚಿಸುತ್ತಿದ್ದಾನೆ. ಒಬ್ಬನ ಕಾಯುವಿಕೆಯು ಇನ್ನೊಬ್ಬನ ಕಾಯುವಿಕೆಯ ಬೆಲೆಯನ್ನು ಬದಲಿಸುತ್ತದೆ. ಇದರಿಂದಲೇ ಲೆಕ್ಕವು ಆಟವಾಗುತ್ತದೆ.

ಒಬ್ಬನೇ ನಿರ್ಧರಿಸುವಾಗ

ಮೊದಲು ಸುಲಭವಾದ ಸಂದರ್ಭವನ್ನು ನೋಡೋಣ. ರೈತನೊಬ್ಬನಿಗೆ ಮಾರಲು ಮೂರು ದಿನಗಳ ಅವಕಾಶವಿದೆ. ಪ್ರತಿದಿನವೂ ಕ್ವಿಂಟಲಿಗೆ ಒಂದು ಬೆಲೆ ಗೊತ್ತಾಗುತ್ತದೆ. ಅದು 1,900, 2,000, 2,100, 2,200, 2,300, 2,400 ರೂಪಾಯಿಗಳಲ್ಲಿ ಯಾವುದಾದರೂ ಒಂದು. ಆರಕ್ಕೂ ಸಮಾನ ಸಂಭಾವ್ಯತೆ. ಈ ಬೆಲೆಗಳು ಕೇವಲ ಕಲ್ಪಿತ. ವಿದ್ಯಾರ್ಥಿಗಳು ಒಂದು ದಾಳವನ್ನು ಉರುಳಿಸಿ, ಬಿದ್ದ ಪ್ರತಿ ಚುಕ್ಕಿಗೆ 100 ರೂಪಾಯಿಯಂತೆ 1,800ಕ್ಕೆ ಕೂಡಿಸಿಕೊಂಡರೆ ಪೇಟೆಯ ಬೆಲೆ ಸಿದ್ಧವಾಯಿತು. ಒಮ್ಮೆ ನಿರಾಕರಿಸಿದ ಬೆಲೆ ಮರಳಿ ಬಾರದು. ಮೂರನೆಯ ದಿನ ಬಂದುದನ್ನು ಒಪ್ಪಲೇಬೇಕು.

ಇಲ್ಲಿ ಯೋಚನೆಯನ್ನು ಕೊನೆಯಿಂದ ಆರಂಭಿಸಬೇಕು. ಮೂರನೆಯ ದಿನದ ಸರಾಸರಿ ಬೆಲೆ 2,150 ರೂಪಾಯಿ. ಆದುದರಿಂದ ಎರಡನೆಯ ದಿನ 2,200 ಅಥವಾ ಹೆಚ್ಚು ಬಂದರೆ ಒಪ್ಪಬೇಕು, ಕಡಿಮೆ ಬಂದರೆ ಕಾಯಬೇಕು. ಹೀಗೆ ಮಾಡುವವನಿಗೆ ಅರ್ಧ ಸಲ ಸರಾಸರಿ 2,300, ಇನ್ನರ್ಧ ಸಲ ಸರಾಸರಿ 2,150 ದೊರೆಯುವುದು, ಒಟ್ಟಿನಲ್ಲಿ 2,225. ಎರಡು ದಿನಗಳು ಕೈಯಲ್ಲಿರುವುದರ ಬೆಲೆ ಇದೇ. ಹಾಗಾದರೆ ಮೊದಲನೆಯ ದಿನ 2,200 ಬಂದರೂ ಒಪ್ಪಬಾರದು. 2,300 ಅಥವಾ 2,400 ಬಂದರೆ ಮಾತ್ರ ಒಪ್ಪಬೇಕು. ಮೂರು ದಿನಗಳ ಬೆಲೆ ಸುಮಾರು 2,267 ಆಗುವುದು.

ಈ ಸಣ್ಣ ಲೆಕ್ಕದಲ್ಲಿ ಎರಡು ತತ್ತ್ವಗಳಿವೆ. ಮೊದಲನೆಯದು, ಹಿಮ್ಮುಖ ಗಣನೆ: ಕೊನೆಯ ದಿನದಿಂದ ಇಂದಿನ ಕಡೆಗೆ ಲೆಕ್ಕ ಮಾಡುತ್ತ ಬರಬೇಕು. ಎರಡನೆಯದು, ನಿಲ್ಲುವ ಮಟ್ಟವು ಕಾಲದೊಡನೆ ಇಳಿಯುತ್ತದೆ: ಬಹಳ ದಿನಗಳಿರುವವನು ಹೆಚ್ಚು ಬಯಸಬಹುದು, ದಿನ ಮುಗಿಯುತ್ತ ಬಂದಂತೆ ಬಯಕೆಯನ್ನು ತಗ್ಗಿಸಬೇಕು.

ಇಂಥ ಪ್ರಶ್ನೆಯನ್ನು ಇಂಗ್ಲೆಂಡಿನ ಗಣಿತಜ್ಞ ಆರ್ಥರ್ ಕೇಲಿ 1875ರಲ್ಲಿ ಲಾಟರಿ ಚೀಟಿಗಳ ಸಮಸ್ಯೆಯಾಗಿ ಮುಂದಿಟ್ಟಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿದ್ದ ಅಬ್ರಹಾಂ ವಾಲ್ಡ್ ಇದಕ್ಕೆ ಹೊಸ ತಿರುವು ಕೊಟ್ಟರು. ಕಾರ್ಖಾನೆಯ ಮಾಲನ್ನು ಪರೀಕ್ಷಿಸುವಾಗ ಇಂತಿಷ್ಟು ವಸ್ತುಗಳನ್ನು ನೋಡಬೇಕೆಂದು ಮೊದಲೇ ಗೊತ್ತು ಮಾಡದೆ, ಒಂದೊಂದನ್ನೇ ನೋಡುತ್ತ ಹೋಗಿ, ಸಾಕಷ್ಟು ತಿಳಿಯಿತೆನಿಸಿದೊಡನೆ ನಿಲ್ಲಿಸುವ ವಿಧಾನವನ್ನು ಅವರು ರೂಪಿಸಿದರು. ಅದನ್ನು ಕುರಿತ ಅವರ ಗ್ರಂಥ 1947ರಲ್ಲಿ ಪ್ರಕಟವಾಯಿತು. ಬಂಗಾಳದ ಸೆಣಬಿನ ಬೆಳೆಯನ್ನು ಹಂತಹಂತವಾಗಿ ಸಮೀಕ್ಷೆ ಮಾಡಿದ ನಮ್ಮ ಮಹಾಲನೋಬಿಸರ ಕೆಲಸವನ್ನು ಈ ವಿಧಾನದ ಪೂರ್ವಗಾಮಿಯೆಂದು ವಾಲ್ಡ್ ಸ್ಮರಿಸಿದ್ದಾರೆ. ಭಾರತದಲ್ಲಿ ಉಪನ್ಯಾಸ ಪ್ರವಾಸ ಮಾಡುತ್ತಿದ್ದಾಗಲೇ, 1950ರ ಡಿಸೆಂಬರ್ ತಿಂಗಳಲ್ಲಿ, ನೀಲಗಿರಿ ಬೆಟ್ಟಗಳಲ್ಲಿ ನಡೆದ ವಿಮಾನಾಪಘಾತದಲ್ಲಿ ಅವರು ತೀರಿಕೊಂಡರು.

ಪೇಟೆಯ ಪದ್ಧತಿ

ಈಗ ನಮ್ಮ ಪೇಟೆಗೆ ಹಿಂದಿರುಗೋಣ. ಕರ್ನಾಟಕದಲ್ಲಿ 2014ರಿಂದ ಪೇಟೆಗಳನ್ನು ಗಣಕಯಂತ್ರಗಳ ಮೂಲಕ ಜೋಡಿಸುವ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಬಂದಿದೆ. ರೈತನ ರಾಶಿಗೆ ಒಂದು ಸಂಖ್ಯೆ ಕೊಡಲಾಗುತ್ತದೆ. ವರ್ತಕರು ರಾಶಿಯನ್ನು ನೋಡಿ, ಗೊತ್ತಾದ ವೇಳೆಯೊಳಗೆ, ಒಬ್ಬರದು ಇನ್ನೊಬ್ಬರಿಗೆ ತಿಳಿಯದಂತೆ ತಮ್ಮ ತಮ್ಮ ಬೆಲೆಯನ್ನು ನಮೂದಿಸುತ್ತಾರೆ. ವೇಳೆ ಮುಗಿದ ಮೇಲೆ ಅತಿ ಹೆಚ್ಚಿನ ಬೆಲೆ ಪ್ರಕಟವಾಗುತ್ತದೆ. ಆ ಬೆಲೆ ಒಪ್ಪಿಗೆಯಾದರೆ ರೈತನು ಕೊಡಬಹುದು. ಒಪ್ಪಿಗೆಯಾಗದಿದ್ದರೆ ನಿರಾಕರಿಸಿ ಮುಂದೆ ಮತ್ತೊಮ್ಮೆ ಟೆಂಡರಿಗೆ ಇಡಬಹುದು.

ಗಣಿತದ ದೃಷ್ಟಿಯಿಂದ ಈ ‘ಒಪ್ಪಿದೆ’ ಅಥವಾ ‘ಒಪ್ಪಿಲ್ಲ’ ಎಂಬುದೇ ನಿಲುಗಡೆಯ ನಿರ್ಧಾರ. ಆದರೆ ಕೊಳ್ಳುವವರ ಅಗತ್ಯಕ್ಕೆ ಮಿತಿಯುಂಟು. ಕೋಳಿ ಆಹಾರದ ಗಿರಣಿಗೋ ಪಿಷ್ಟದ ಕಾರ್ಖಾನೆಗೋ ಹೊರಟ ಲಾರಿಯಲ್ಲಿ ಇಷ್ಟೇ ಚೀಲಗಳಿಗೆ ಸ್ಥಳ. ಒಳ್ಳೆಯ ಬೆಲೆ ಬಂದ ದಿನ ಒಬ್ಬನ ರಾಶಿ ಹೋದರೆ, ಮತ್ತೊಬ್ಬನದು ಉಳಿಯಬಹುದು. ಇದನ್ನು ಗಣನೆಗೆ ತಂದುಕೊಂಡು ಇಬ್ಬರು ರೈತರ ಆಟವನ್ನು ಕಟ್ಟೋಣ.

ಇಬ್ಬರ ಆಟ

ದಾವಣಗೆರೆ ತಾಲ್ಲೂಕಿನ ಒಬ್ಬ ರೈತ, ಹರಿಹರ ತಾಲ್ಲೂಕಿನ ಒಬ್ಬ ರೈತ. ಒಬ್ಬೊಬ್ಬರಿಗೆ ಒಂದೊಂದು ರಾಶಿ. ಪೇಟೆ ಎರಡೇ ದಿನ ನಡೆಯುವುದು. ದಿನಕ್ಕೆ ಒಂದು ಬೆಲೆ, ಮೊದಲಿನಂತೆ ದಾಳದಿಂದ ಗೊತ್ತಾಗುವುದು; ದಿನಕ್ಕೆ ಒಂದೇ ರಾಶಿ ಬಿಕರಿಯಾಗುವುದು. ಬೆಲೆ ತಿಳಿದ ಮೇಲೆ ಇಬ್ಬರೂ ಏಕಕಾಲಕ್ಕೆ, ಪರಸ್ಪರ ಮಾತನಾಡದೆ, ‘ಒಪ್ಪಿದೆ’ ಅಥವಾ ‘ಕಾಯುವೆ’ ಎಂದು ಹೇಳಬೇಕು. ಒಬ್ಬನೇ ಒಪ್ಪಿದರೆ ಅವನು ಮಾರಿ ಹೋಗುವನು. ಇಬ್ಬರೂ ಒಪ್ಪಿದರೆ ಚೀಟಿ ಎತ್ತಿ ಒಬ್ಬನನ್ನು ಆರಿಸುವರು. ಎರಡನೆಯ ದಿನದ ಸಂಜೆಗೂ ಮಾರಲಾಗದೆ ಉಳಿದವನು ಊರಿನಲ್ಲಿಯೇ 1,800 ರೂಪಾಯಿಗೆ ಕೊಟ್ಟುಬಿಡಬೇಕು. ಈ 1,800ನ್ನು ‘ಕೊನೆಯ ಆಸರೆ’ ಎಂದು ಕರೆಯೋಣ.

ಮತ್ತೆ ಕೊನೆಯಿಂದ ಆರಂಭಿಸೋಣ. ಎರಡನೆಯ ದಿನ ಒಬ್ಬನೇ ಉಳಿದಿದ್ದರೆ ಅವನಿಗೆ ಸರಾಸರಿ 2,150 ಸಿಗುವುದು. ಇಬ್ಬರೂ ಉಳಿದಿದ್ದರೆ, ಯಾವ ಬೆಲೆಯೂ 1,800ಕ್ಕಿಂತ ಮೇಲಾದುದರಿಂದ, ಇಬ್ಬರೂ ಒಪ್ಪುವರು. ಒಬ್ಬನಿಗೆ ಸರಾಸರಿ 2,150, ಮತ್ತೊಬ್ಬನಿಗೆ 1,800. ಚೀಟಿ ಯಾರಿಗೆ ಒಲಿಯುವುದೋ ತಿಳಿಯದು. ಆದುದರಿಂದ ತಲಾ 1,975.

ಈಗ ಮೊದಲನೆಯ ದಿನಕ್ಕೆ ಬರೋಣ. ದಾಳದಲ್ಲಿ ಒಂದು ಚುಕ್ಕಿ ಬಿದ್ದಿದೆ, ಬೆಲೆ 1,900. ದಾವಣಗೆರೆಯವನು ಹೀಗೆ ತರ್ಕಿಸುವನು: ‘ಹರಿಹರದವನು ಒಪ್ಪಿ ಹೋದರೆ ನಾಳೆ ನಾನೊಬ್ಬನೇ, ನನಗೆ 2,150. ನಾನೂ ಒಪ್ಪಿ ಚೀಟಿ ಎತ್ತಿದರೆ 1,900 ಮತ್ತು 2,150ರ ಸರಾಸರಿ, ಅಂದರೆ 2,025 ಮಾತ್ರ. ಅವನು ಕಾಯುವುದಾದರೂ, ಇಂದು ಒಪ್ಪಿದರೆ 1,900, ಕಾದರೆ 1,975. ಎರಡು ಬಗೆಯಿಂದಲೂ ಕಾಯುವುದೇ ಲೇಸು.’ ಹರಿಹರದವನ ತರ್ಕವೂ ಇದೇ. ಇಬ್ಬರೂ ಕಾಯುವರು.

ಬೆಲೆ 2,200 ಅಥವಾ ಹೆಚ್ಚಾದರೆ ತರ್ಕ ತಿರುಗುವುದು. ಎದುರಾಳಿ ಏನೇ ಮಾಡಲಿ, ಒಪ್ಪುವುದೇ ಮೇಲು, ಇಬ್ಬರೂ ಒಪ್ಪುವರು.

ನಡುವಿನ ಎರಡು ಬೆಲೆಗಳಲ್ಲಿ ಸ್ವಾರಸ್ಯವಿದೆ. ಬೆಲೆ 2,100 ಎಂದಿಟ್ಟುಕೊಳ್ಳಿ. ಎದುರಾಳಿ ಒಪ್ಪುವುದಾದರೆ ನಾನು ಕಾಯಬೇಕು. ನನಗೆ ನಾಳೆ 2,150 ಉಂಟು. ಎದುರಾಳಿ ಕಾಯುವುದಾದರೆ ನಾನು ಒಪ್ಪಬೇಕು. ಏಕೆಂದರೆ ಇಬ್ಬರೂ ಕಾದರೆ 1,975ಕ್ಕೆ ಇಳಿಯುವೆ. ಅವನು ಮಾಡುವುದಕ್ಕೆ ವಿರುದ್ಧವಾದುದನ್ನು ನಾನು ಮಾಡಬೇಕು; ಅವನೂ ಹಾಗೆಯೇ ಯೋಚಿಸುತ್ತಿದ್ದಾನೆ. ‘ನೀನು ಮೊದಲು ಹೋಗು’ ಎಂದು ಇಬ್ಬರೂ ಮನಸ್ಸಿನಲ್ಲಿಯೇ ಹೇಳಿಕೊಳ್ಳುತ್ತಿರುವ ಸ್ಥಿತಿ ಇದು.

ಇಂಥ ಗಂಟನ್ನು ಬಿಡಿಸಲು ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ತೋರಿದ ದಾರಿಯುಂಟು. ಪ್ರತಿಯೊಬ್ಬನೂ ತನ್ನ ನಿರ್ಧಾರವನ್ನು ಒಂದು ನಿಶ್ಚಿತ ಸಂಭಾವ್ಯತೆಯೊಡನೆ ಆಕಸ್ಮಿಕಕ್ಕೆ ಬಿಡಬಹುದು. ಎದುರಾಳಿಗೆ ಒಪ್ಪುವುದೂ ಕಾಯುವುದೂ ಸಮನಾಗಿ ತೋರುವಂತೆ ಆ ಸಂಭಾವ್ಯತೆಯನ್ನು ಆರಿಸಿದರೆ, ಯಾರಿಗೂ ತನ್ನ ತಂತ್ರವನ್ನು ತಾನೊಬ್ಬನೇ ಬದಲಿಸುವುದರಿಂದ ಲಾಭವಿರುವುದಿಲ್ಲ. ಇದೇ ಸಮತೋಲ ಸ್ಥಿತಿ.

ಲೆಕ್ಕ ಮಾಡೋಣ. ಎದುರಾಳಿಯು 2,100ಕ್ಕೆ ಒಪ್ಪುವ ಸಂಭಾವ್ಯತೆ ‘ಸ’ ಇರಲಿ. ಅವನು ಒಪ್ಪಿದಾಗ ನಾನು ಕಾಯುವುದರಿಂದ ಬರುವ ಹೆಚ್ಚುವರಿ, 2,150ರಿಂದ 2,125ನ್ನು ಕಳೆದರೆ, 25 ರೂಪಾಯಿ. ಅವನು ಕಾದಾಗ ನಾನು ಒಪ್ಪುವುದರಿಂದ ಬರುವ ಹೆಚ್ಚುವರಿ, 2,100ರಿಂದ 1,975ನ್ನು ಕಳೆದರೆ, 125 ರೂಪಾಯಿ. ಇವೆರಡೂ ತೂಗಬೇಕಾದರೆ 25 × ಸ = 125 × (1 − ಸ) ಆಗಬೇಕು; ಅಂದರೆ ಸ = 5/6. ಇದೇ ರೀತಿ 2,000 ರೂಪಾಯಿಗೆ ಲೆಕ್ಕ ಮಾಡಿದರೆ 75 × ಸ = 25 × (1 − ಸ); ಸ = 1/4. ಮೊದಲ ದಿನದ ತಂತ್ರವನ್ನು ಹೀಗೆ ಪಟ್ಟಿ ಮಾಡಬಹುದು:

1,900 ರೂಪಾಯಿ — ಇಬ್ಬರೂ ಕಾಯುವರು.
2,000 ರೂಪಾಯಿ — ಪ್ರತಿಯೊಬ್ಬನೂ ನಾಲ್ಕರಲ್ಲಿ ಒಂದು ಸಲ ಒಪ್ಪುವನು.
2,100 ರೂಪಾಯಿ — ಪ್ರತಿಯೊಬ್ಬನೂ ಆರರಲ್ಲಿ ಐದು ಸಲ ಒಪ್ಪುವನು.
2,200 ಮತ್ತು ಮೇಲೆ — ಇಬ್ಬರೂ ಒಪ್ಪುವರು.

ಒಂಟಿಯಾಗಿದ್ದ ರೈತನು, ಎರಡು ದಿನಗಳು ಉಳಿದಿರುವಾಗ, 2,200ಕ್ಕಿಂತ ಕಡಿಮೆಯಾದರೆ ಒಪ್ಪುತ್ತಲೇ ಇರಲಿಲ್ಲ. ಪ್ರತಿಸ್ಪರ್ಧಿ ಬಂದೊಡನೆ 2,100ಕ್ಕೂ, ಕೆಲವೊಮ್ಮೆ 2,000ಕ್ಕೂ ಒಪ್ಪಬೇಕಾಯಿತು. ಅವನ ಸರಾಸರಿ ಫಲವು 2,225ರಿಂದ ಸುಮಾರು 2,132ಕ್ಕೆ ಇಳಿಯಿತು. ಗಾದೆಗಳ ಭಾಷೆಯಲ್ಲಿ ಹೇಳುವುದಾದರೆ, ಪಕ್ಕದಲ್ಲಿ ಇನ್ನೊಬ್ಬನು ಮೊರ ಹಿಡಿದು ನಿಂತಿರುವಾಗ ‘ಗಾಳಿ ಬಂದಾಗ ತೂರಿಕೋ’ ಎಂಬ ಮಾತಿನ ತೂಕ ಹೆಚ್ಚುತ್ತದೆ.

ಜಾಣತನದ ನಷ್ಟ

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಇಬ್ಬರೂ ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದರೆ? ಪೇಟೆ ಇರುವುದು ಎರಡು ದಿನ, ರಾಶಿಗಳಿರುವುದು ಎರಡು. ಬೆಲೆ ಏನೇ ಬರಲಿ, ಚೀಟಿ ಎತ್ತಿ ಮೊದಲ ದಿನ ಒಬ್ಬನು, ಎರಡನೆಯ ದಿನ ಇನ್ನೊಬ್ಬನು ಮಾರಿದರೆ, ಊರಿನ 1,800ಕ್ಕೆ ಯಾರೂ ಇಳಿಯಬೇಕಾಗಿಲ್ಲ. ತಲಾ ಸರಾಸರಿ 2,150 ದೊರೆಯುವುದು. ಪ್ರತಿಯೊಬ್ಬನೂ ತಾನೊಬ್ಬನೇ ಜಾಣತನದಿಂದ ಆಡಿದಾಗ ದೊರೆತದ್ದಕ್ಕಿಂತ ಇದು 18 ರೂಪಾಯಿ ಹೆಚ್ಚು.

ಈ 18 ರೂಪಾಯಿ ಯಾರಿಗೂ ಸೇರಲಿಲ್ಲ, ವರ್ತಕನಿಗೂ ಅಲ್ಲ. ಮೊದಲ ದಿನದ ಮಾರಾಟದ ಅವಕಾಶವೇ ವ್ಯರ್ಥವಾದುದರಿಂದ ಅದು ಕಳೆದುಹೋಯಿತು. ಬೆಲೆ 1,900 ಆಗಿದ್ದ ದಿನವನ್ನು ನೆನೆಯಿರಿ. ಒಬ್ಬನು ಹೋಗಿದ್ದರೆ ಇಬ್ಬರ ಒಟ್ಟು ಫಲ 4,050. ಇಬ್ಬರೂ ಕಾದುದರಿಂದ 3,950. ಪ್ರತಿಯೊಬ್ಬನ ತರ್ಕದಲ್ಲಿಯೂ ತಪ್ಪಿಲ್ಲ. ಆದರೂ ಇಬ್ಬರಿಗೂ ನಷ್ಟ. ಬಿಡಿಬಿಡಿಯಾಗಿ ಸರಿಯಾದ ನಿರ್ಧಾರಗಳು ಕೂಡಿದಾಗ ಒಟ್ಟಿನ ಫಲವು ಸರಿಯಾಗಿಯೇ ಇರಬೇಕೆಂಬ ನಿಯಮವಿಲ್ಲ. ಹಲವರ ನಿಲುಗಡೆಯ ಆಟ ಕಲಿಸುವ ಮೊದಲನೆಯ ಪಾಠ ಇದು.

ಕಾಯುವ ಶಕ್ತಿ ಸಮನಾಗಿಲ್ಲದಾಗ

ಇದುವರೆಗೆ ಇಬ್ಬರು ರೈತರೂ ಸಮಾನರೆಂದು ಭಾವಿಸಿದೆವು. ಊರಿನಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಒಬ್ಬನಿಗೆ ಮನೆಯಲ್ಲಿ ಒಣ ಕೋಣೆಯುಂಟು, ಅಥವಾ ಹತ್ತಿರದಲ್ಲಿ ಉಗ್ರಾಣವುಂಟು. ಪೇಟೆ ಕೈಬಿಟ್ಟರೂ ಅವನ ಕೊನೆಯ ಆಸರೆ 1,900 ಎಂದಿಟ್ಟುಕೊಳ್ಳೋಣ. ಇನ್ನೊಬ್ಬನು ಬಿತ್ತನೆಯ ಕಾಲದಲ್ಲಿ ಬೀಜಗೊಬ್ಬರಕ್ಕೆ ಸಾಲ ತಂದಿದ್ದಾನೆ, ಗಡುವು ಬಂದಿದೆ. ಈ ಎರಡು ದಿನಗಳಲ್ಲಿ ಮಾರದಿದ್ದರೆ ಅವನು 1,600ಕ್ಕೆ ಕೊಡಲೇಬೇಕು. ಉಳಿದ ನಿಯಮಗಳೆಲ್ಲ ಮೊದಲಿನವೇ.

ಇಬ್ಬರೂ ಎರಡನೆಯ ದಿನಕ್ಕೆ ಉಳಿದರೆ, ಉಗ್ರಾಣವುಳ್ಳವನಿಗೆ ಸರಾಸರಿ 2,025, ಸಾಲವುಳ್ಳವನಿಗೆ 1,875. ಮೊದಲ ದಿನ 1,900 ಬಂದಿತೆನ್ನಿ. ಉಗ್ರಾಣವುಳ್ಳವನು, ಎದುರಾಳಿ ಏನೇ ಮಾಡಲಿ, ಕಾಯುವನು. ಸಾಲವುಳ್ಳವನಿಗೆ ಅದು ಗೊತ್ತು. ಅವನ ಮುಂದಿರುವುದು ಎರಡೇ ದಾರಿ: ಇಂದು 1,900, ಇಲ್ಲವೆ ನಾಳೆಯ ಪೈಪೋಟಿಯಲ್ಲಿ ಸರಾಸರಿ 1,875. ಅವನು ಇಂದೇ ಕೊಟ್ಟುಬಿಡುವನು. ಬೆಲೆ 2,000 ಬಂದರೂ ಇದೇ ಕಥೆ. ಈಗ ಚೀಟಿಯೂ ಬೇಡ, ಆಕಸ್ಮಿಕವೂ ಬೇಡ. ಯಾರು ಮೊದಲು ನಿಲ್ಲುವರೆಂಬುದು ಆಟಕ್ಕೆ ಮುಂಚೆಯೇ ತೀರ್ಮಾನವಾಗಿದೆ. ಬೆಲೆ 2,100 ಆದಾಗ ಮಾತ್ರ ಹಿಂದಿನ ಎಳೆದಾಟ ಉಳಿಯುವುದು.

ಇದರ ಫಲವೇನು? ಮೊದಲ ದಿನ 1,900 ಬಂದಾಗ ಸಾಲವುಳ್ಳವನಿಗೆ 1,900. ಅವನು ದಾರಿ ಬಿಟ್ಟುದರಿಂದ ಒಂಟಿಯಾದ ಉಗ್ರಾಣದವನಿಗೆ ಸರಾಸರಿ 2,150. ಕ್ವಿಂಟಲಿಗೆ 250 ರೂಪಾಯಿಯ ಅಂತರ. 50 ಕ್ವಿಂಟಲಿನ ರಾಶಿಗೆ 12,500 ರೂಪಾಯಿ. ಇಬ್ಬರ ಕಾಳೂ ಒಂದೇ, ಪೇಟೆಯೂ ಒಂದೇ, ಬುದ್ಧಿಯೂ ಸಮಾನ. ಅಂತರವೆಲ್ಲ ಬಂದದ್ದು ಕಾಯುವ ಶಕ್ತಿಯಿಂದ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸಮಾನರ ಆಟದಲ್ಲಿ 1,900 ಬಂದಾಗ ಮೊದಲ ದಿನ ವ್ಯರ್ಥವಾಗಿ 100 ರೂಪಾಯಿ ಕಳೆದಿತ್ತು. ಈ ಅಸಮಾನರ ಆಟದಲ್ಲಿ ಅದು ಕಳೆಯಲಿಲ್ಲ. ಎರಡು ದಿನವೂ ಮಾರಾಟ ನಡೆಯಿತು. ಹೊರಗಿನಿಂದ ನೋಡುವವನಿಗೆ ಪೇಟೆ ಸರಾಗವಾಗಿ ನಡೆಯುತ್ತಿದೆ ಎನಿಸುವುದು. ಆದರೆ ಆ ಸರಾಗಕ್ಕೆ ಬೆಲೆ ತೆತ್ತವನು ಒಬ್ಬನೇ. ಒಟ್ಟು ಫಲ ಹೆಚ್ಚಿತೆಂಬುದರಿಂದ ಹಂಚಿಕೆ ನ್ಯಾಯವಾಯಿತೆಂದು ತಿಳಿಯಲಾಗದು. ಇದು ಎರಡನೆಯ ಪಾಠ.

ಇದೇ ಕುಟುಂಬದ ಇತರ ಆಟಗಳು

ಹಲವರ ನಿಲುಗಡೆಯ ಆಟಗಳನ್ನು ಕ್ರಮಬದ್ಧವಾಗಿ ವಿವೇಚಿಸಿದವರಲ್ಲಿ ಸೋವಿಯತ್ ಗಣಿತಜ್ಞ ಯೂಜೀನ್ ಡಿಂಕಿನ್ ಪ್ರಮುಖರು. ಅವರು 1969ರಲ್ಲಿ ವರ್ಣಿಸಿದ ಆಟದಲ್ಲಿ ಇಬ್ಬರು ಎದುರಾಳಿಗಳಿರುತ್ತಾರೆ; ಒಬ್ಬನ ಲಾಭವೆಲ್ಲ ಇನ್ನೊಬ್ಬನ ನಷ್ಟ; ಯಾರೇ ನಿಲ್ಲಿಸಿದರೂ ಇಬ್ಬರಿಗೂ ಆಟ ಮುಗಿಯಿತು. ಇಂಥ ಆಟಗಳನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಯೂರಿ ಕೀಫರ್ 2000ದಲ್ಲಿ ಇದನ್ನು ಹಣಕಾಸಿನ ಕರಾರುಗಳಿಗೆ ಅನ್ವಯಿಸಿದರು: ಕೊಂಡವನು ಬೇಕಾದಾಗ ಹಕ್ಕು ಚಲಾಯಿಸಬಹುದು, ಕೊಟ್ಟವನು ದಂಡ ತೆತ್ತು ಬೇಕಾದಾಗ ರದ್ದು ಮಾಡಬಹುದು.

ಜೀವಶಾಸ್ತ್ರದಲ್ಲಿಯೂ ಈ ಆಟವುಂಟು. ಒಂದೇ ಆಹಾರಕ್ಕೋ ನೆಲೆಗೋ ಎದುರುಬದುರಾಗಿ ನಿಂತ ಎರಡು ಪ್ರಾಣಿಗಳು ಕಚ್ಚಾಡದೆ, ಯಾವುದು ಮೊದಲು ಹಿಂಜರಿಯುವುದೋ ಎಂದು ಕಾಯುತ್ತವೆ. ಕಾಯುವುದಕ್ಕೆ ಇಬ್ಬರೂ ಬೆಲೆ ತೆರಬೇಕು. ಇದನ್ನು ಜಾನ್ ಮೇನಾರ್ಡ್ ಸ್ಮಿತ್ 1974ರಲ್ಲಿ ವಿಶ್ಲೇಷಿಸಿದರು. ‘ಸವೆತದ ಸಮರ’ ಎಂದು ಅದನ್ನು ಕರೆಯಬಹುದು. ನಮ್ಮ 2,100 ರೂಪಾಯಿಯ ಎಳೆದಾಟ ಇದರ ಹತ್ತಿರದ ಬಂಧು.

ಮೂರನೆಯ ಬಗೆಯಲ್ಲಿ ನಿರ್ಧರಿಸುವವರು ಹಲವರು, ಆದರೆ ನಿಲುಗಡೆ ಒಂದೇ. ಅವಿಭಕ್ತ ಕುಟುಂಬದ ಮೂವರು ಅಣ್ಣತಮ್ಮಂದಿರು ಒಂದೇ ರಾಶಿಯನ್ನು ಮಾರಬೇಕಾಗಿದೆ. ಬಂದ ಬೆಲೆ ಒಬ್ಬೊಬ್ಬನಿಗೂ ಒಪ್ಪಿಗೆಯಾಗುವ ಸಂಭಾವ್ಯತೆ 1/2. ಒಬ್ಬನ ಅಭಿಪ್ರಾಯ ಇನ್ನೊಬ್ಬನದನ್ನು ಅವಲಂಬಿಸಿಲ್ಲ. ಯಾರೊಬ್ಬನ ಒಪ್ಪಿಗೆ ಸಾಕೆಂದರೆ ಮಾರಾಟವಾಗುವ ಸಂಭಾವ್ಯತೆ 7/8. ಬಹುಮತ ಬೇಕೆಂದರೆ 1/2. ಸರ್ವಾನುಮತ ಬೇಕೆಂದರೆ 1/8. ಸರ್ವಾನುಮತದ ನಿಯಮದಲ್ಲಿ ಒಳ್ಳೆಯ ದಿನಗಳೂ ಕೈತಪ್ಪುತ್ತವೆ. ಅದನ್ನು ಅರಿತ ಜಾಣರು ತಮ್ಮ ತಮ್ಮ ಬಯಕೆಯ ಮಟ್ಟವನ್ನು ತಾವಾಗಿಯೇ ತಗ್ಗಿಸಿಕೊಳ್ಳಬೇಕಾಗುತ್ತದೆ. ಜಪಾನಿನ ಗಣಿತಜ್ಞರು 1980ರ ಸುಮಾರಿನಿಂದ ಇಂಥ ಮತದಾನದ ನಿಲುಗಡೆಗಳನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಆಟದಿಂದ ಪೇಟೆಗೆ

ದಾಳದ ಆಟವು ಪೇಟೆಯ ಪೂರ್ಣ ಚಿತ್ರವಲ್ಲ. ಇಂದಿನ ಬೆಲೆಗೂ ನಾಳಿನ ಬೆಲೆಗೂ ನಂಟುಂಟು. ದಾಳಕ್ಕೆ ಆ ನೆನಪಿಲ್ಲ. ಆವಕ ಹೆಚ್ಚಿದರೆ ಬೆಲೆ ಇಳಿಯುತ್ತದೆ. ನಮ್ಮ ಆಟದಲ್ಲಿ ಬೆಲೆಯು ಮಾರುವವರ ಸಂಖ್ಯೆಯನ್ನು ಲೆಕ್ಕಿಸುವುದಿಲ್ಲ. ಅಲ್ಲದೆ, ಕಟಾವಿನ ಹೊತ್ತಿನಲ್ಲಿ ರೈತರಿಗೆ ಹಣದ ಅವಸರವಿದೆಯೆಂದು ಬಲ್ಲ ವರ್ತಕನು ತನ್ನ ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಬಲ್ಲನು.

ಕಾಯುವುದಕ್ಕೆ ಪ್ರಕೃತಿಯೂ ಸುಂಕ ವಸೂಲು ಮಾಡುತ್ತದೆ. ಬೆಂಬಲ ಬೆಲೆಯ ಖರೀದಿಗೆ ಮೆಕ್ಕೆಜೋಳದ ತೇವಾಂಶ ಶೇಕಡ 14ನ್ನು ಮೀರಬಾರದು. ಶೇಕಡ 18 ತೇವವುಳ್ಳ 100 ಕಿಲೋಗ್ರಾಂ ಕಾಳಿನಲ್ಲಿ ಒಣ ಪದಾರ್ಥ 82 ಕಿಲೋಗ್ರಾಂ. ಅದನ್ನು ಶೇಕಡ 14ರ ಮಟ್ಟಕ್ಕೆ ಒಣಗಿಸಿದಾಗ ತೂಕ ಸುಮಾರು 95.3 ಕಿಲೋಗ್ರಾಮಿಗೆ ಇಳಿಯುವುದು. ಒಣಗಿಸದೆ ಕೂಡಿಟ್ಟರೆ ಬೂಷ್ಟು ಹಿಡಿದು, ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಒಣ ನೆಲ, ಕಣ, ಟಾರ್ಪಾಲು, ಉಗ್ರಾಣ ಇವುಗಳಿಲ್ಲದವನಿಗೆ ‘ತಾಳಿದವನು ಬಾಳಿಯಾನು’ ಎಂಬ ಗಾದೆ ಕೇವಲ ಉಪದೇಶವಾಗುತ್ತದೆ.

ಇಷ್ಟೆಲ್ಲ ಮಿತಿಗಳಿದ್ದರೂ ನಮ್ಮ ಸಣ್ಣ ಆಟವು ಒಂದು ಮಾತನ್ನು ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಮಾರಾಟದ ಬೆಲೆಯನ್ನು ನಿರ್ಧರಿಸುವುದು ಅದೃಷ್ಟ ಮತ್ತು ಜಾಣತನ ಮಾತ್ರವಲ್ಲ. ‘ಇಂದು ಮಾರದಿದ್ದರೆ ನನ್ನ ಕೈಯಲ್ಲಿ ಉಳಿಯುವುದೇನು?’ ಎಂಬುದೂ ಹೌದು. ಆ ಕೊನೆಯ ಆಸರೆಯನ್ನು ಏರಿಸುವ ಯಾವ ವ್ಯವಸ್ಥೆಯೇ ಆಗಲಿ, ಅದನ್ನು ಬಳಸದ ದಿನವೂ ರೈತನಿಗೆ ನೆರವಾಗುತ್ತದೆ. ಉಗ್ರಾಣದ ರಸೀದಿಯ ಮೇಲೆ ಸಾಲ ಪಡೆದವನು ಅಂದೇ ಸಾಲಗಾರನ ಬಾಯಿ ಮುಚ್ಚಿಸಿ, ಕಾಳನ್ನು ಉಳಿಸಿಕೊಳ್ಳಬಲ್ಲನು. ಇಂಥ ರಸೀದಿಗಳಿಗೆ ಕಾನೂನಿನ ಬಲ ಕೊಡುವ ಉಗ್ರಾಣ ಕಾಯಿದೆಯು 2007ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆಯಿತು.

ಬೆಂಬಲ ಬೆಲೆಯ ಅರ್ಥವೂ ಇದೇ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರವು ಮೆಕ್ಕೆಜೋಳಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆದರೆ 2025ರ ನವೆಂಬರ್ ತಿಂಗಳಲ್ಲಿ ರಾಜ್ಯದ ಪೇಟೆಗಳಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗೆ ಇಳಿಯಿತು; ಖರೀದಿ ಕೇಂದ್ರಗಳನ್ನು ತೆರೆಯಬೇಕೆಂದು ರೈತರು ಬೀದಿಗಿಳಿದರು. ಆಟದ ಲೆಕ್ಕವನ್ನು ಬಲ್ಲವರಿಗೆ ಆ ಬೇಡಿಕೆಯ ತಿರುಳು ಸುಲಭವಾಗಿ ತಿಳಿಯುವುದು. ಕಾಗದದ ಮೇಲಿರುವ ಬೆಲೆ ಕೊನೆಯ ಆಸರೆಯಲ್ಲ. ಕೊಳ್ಳುವವನು ಎದುರಿಗಿದ್ದಾಗ ಮಾತ್ರ ಅದು ಆಸರೆ. ಕೇಂದ್ರ ತೆರೆದಿದ್ದರೆ, ಅಲ್ಲಿಗೆ ಹೋಗದ ರೈತನೂ ಪೇಟೆಯಲ್ಲಿ ಧೈರ್ಯವಾಗಿ ‘ಒಪ್ಪಿಲ್ಲ’ ಎನ್ನಬಲ್ಲನು.

ಅಭ್ಯಾಸಕ್ಕೆ

1. ಒಬ್ಬನೇ ರೈತನ ಮೂರು ದಿನಗಳ ಆಟದಲ್ಲಿ, ಪ್ರತಿ ದಿನದ ಕಾಯುವಿಕೆಗೆ ಕ್ವಿಂಟಲಿಗೆ 50 ರೂಪಾಯಿ ಖರ್ಚೆಂದು ಭಾವಿಸಿ. ಮೊದಲನೆಯ ದಿನ ಕನಿಷ್ಠ ಯಾವ ಬೆಲೆಗೆ ಒಪ್ಪಬೇಕು?

2. ಇಬ್ಬರು ಸಮಾನ ರೈತರ ಎರಡು ದಿನಗಳ ಆಟದಲ್ಲಿ ಇಬ್ಬರ ಕೊನೆಯ ಆಸರೆಯೂ 1,800ರ ಬದಲು 1,900 ಆದರೆ, ಮೊದಲ ದಿನದ ತಂತ್ರ ಹೇಗೆ ಬದಲಾಗುವುದು?

ಉತ್ತರಗಳು: (1) 2,200 ರೂಪಾಯಿಗೆ, ಖರ್ಚಿಲ್ಲದಾಗ ಅದು 2,300 ಆಗಿತ್ತು. ಆಟದ ಬೆಲೆ 2,225. (2) 1,900 ಮತ್ತು 2,000 ಎರಡನ್ನೂ ಇಬ್ಬರೂ ನಿರಾಕರಿಸುವರು. 2,100ಕ್ಕೆ ನಾಲ್ಕರಲ್ಲಿ ಮೂರು ಸಲ ಒಪ್ಪುವರು. 2,200 ಮತ್ತು ಮೇಲಿನದಕ್ಕೆ ಯಾವಾಗಲೂ ಒಪ್ಪುವರು.